ಬಿಳಿ ಪುಟದ ಹಿಂದಿದ್ದದ್ದು: ಒಂದು ಸರ್ವರ್‌ಗೆ ಎರರ್ ಲಾಗ್ ಕೂರಿಸಿದ ಅನುಭವ

ಉತ್ತರ ಕನ್ನಡದ ಒಂದು ಅಡಿಕೆ ಸಹಕಾರ ಸಂಘದ ಜಾಲತಾಣ ನೋಡಿಕೊಳ್ಳುವ ಕೆಲಸ ಈ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು. ದೊಡ್ಡ ತಾಣವೇನಲ್ಲ. ಸದಸ್ಯರ ಖಾತೆ ವಿವರ, ಗೊಬ್ಬರದ ದಾಸ್ತಾನು, ಮತ್ತೆ ಆ ದಿನದ ಟೆಂಡರ್ ದರ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು. ಜನ ಬರುವುದೇ ದರ ನೋಡಲಿಕ್ಕೆ, ಅದೂ ಸಂಜೆ. ಸರಿಯಾಗಿ ಅದೇ ಹೊತ್ತಿಗೆ ಕೆಲವು ದಿನ ಪುಟ ಅರ್ಧಕ್ಕೆ ನಿಂತುಬಿಡುತ್ತಿತ್ತು. ಮೇಲೆ ಸಂಘದ ಲಾಂಛನ, ಮೆನು. ಕೆಳಗೆ ಬರೀ ಬಿಳಿ. ಕಚೇರಿಗೆ ಒಂದರ ಹಿಂದೊಂದು ಫೋನ್. ಕಾರ್ಯದರ್ಶಿಯವರು ನನಗೆ ಫೋನ್ ಮಾಡಿ, "ಮತ್ತೆ ಹೋಯ್ತು ನೋಡಿ" ಅನ್ನುವರು. ನಾನು ತೆರೆದು ನೋಡುವ ಹೊತ್ತಿಗೆ ಒಂದೊಂದು ಸಲ ಸರಿಯಾಗಿಯೇ ಇರುತ್ತಿತ್ತು.

ಸರ್ವರ್ ಬಾಡಿಗೆ ಕೊಟ್ಟ ಕಂಪನಿಯ ಸಹಾಯವಾಣಿಯ ಉತ್ತರ ಪ್ರತಿ ಸಲವೂ ಒಂದೇ: ಸರ್ವರ್ ಚಾಲನೆಯಲ್ಲಿದೆ, ತೊಂದರೆ ಕಾಣುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ನಿಜವೇ. ಪುಟದ ತಲೆಭಾಗ ಬ್ರೌಸರ್‌ಗೆ ಹೊರಟ ಮೇಲೆ ಪ್ರೋಗ್ರಾಂ ಸತ್ತರೆ, "ಎಲ್ಲ ಸರಿ" ಅನ್ನುವ 200 ಸಂಖ್ಯೆ ಆಗಲೇ ಹೋಗಿಯಾಗಿರುತ್ತದೆ. ಅದನ್ನು ಹಿಂದಕ್ಕೆ ಕರೆಯಲಾಗದು. ಬಂದ ಕೋರಿಕೆಗಳನ್ನೆಲ್ಲ ಬರೆದಿಡುವ ಆಕ್ಸೆಸ್ ಲಾಗ್‌ನಲ್ಲಿ ಆ ಅರ್ಧ ಪುಟಗಳೆಲ್ಲ 200 ಎಂದೇ ದಾಖಲಾಗಿದ್ದವು. ಹೊರಗಿನಿಂದ ಆ ಸಂಖ್ಯೆಯನ್ನಷ್ಟೇ ನೋಡಿ ತಾಣ ಬದುಕಿದೆಯೋ ಇಲ್ಲವೋ ಎಂದು ಹೇಳುವ ಸೇವೆಗಳಿಗೆ ಇದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಎರರ್ ಲಾಗ್, ಅಂದರೆ ಪ್ರೋಗ್ರಾಂ ತನ್ನ ತಪ್ಪುಗಳನ್ನು ಬರೆದಿಡುವ ಕಡತ, ಬೇಕು. ಅದು ಆ ಸರ್ವರ್‌ನಲ್ಲಿ ಎಲ್ಲೂ ಇರಲಿಲ್ಲ, ಅಥವಾ ಹಾಗೆ ಕಂಡಿತು.

ಸರ್ವರ್ ಉಬುಂಟು 22.04, ಎಂಜಿನ್‌ಎಕ್ಸ್ (ಬ್ರೌಸರ್‌ಗೆ ಪುಟ ಕಳಿಸುವ ಪ್ರೋಗ್ರಾಂ), ಪಿಎಚ್‌ಪಿ 8.1 (ತಾಣ ಬರೆದ ಭಾಷೆ), ಅದರ ಎಫ್‌ಪಿಎಂ (ಪಿಎಚ್‌ಪಿ ಪುಟಗಳನ್ನು ಓಡಿಸುವ ಪ್ರೋಗ್ರಾಂ). ನಮ್ಮ ಕಡೆಯ ಬಹಳಷ್ಟು ಸಣ್ಣ ಸಂಸ್ಥೆಗಳ ತಾಣಗಳು ಇದೇ ಜೋಡಣೆಯಲ್ಲಿವೆ, ಹಾಗಾಗಿ ನನಗಾದದ್ದು ನಿಮಗೂ ಆಗಬಹುದು. ಆಜ್ಞೆಗಳನ್ನೂ ಕಡತದ ಹೆಸರುಗಳನ್ನೂ ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ರೀತಿಯಲ್ಲೇ ಬರೆದಿದ್ದೇನೆ.

ಮೊದಲ ಅಡ್ಡಿ ತಾಂತ್ರಿಕವಾದದ್ದಲ್ಲ, ಕಾಗದಪತ್ರದ್ದು. ಸರ್ವರ್ ಖಾತೆ ಹಳೆಯ ಡೆವಲಪರ್‌ನ ಸ್ವಂತ ಇಮೇಲ್‌ನಲ್ಲಿತ್ತು, ಒಟಿಪಿ ಹೋಗುತ್ತಿದ್ದ ಮೊಬೈಲ್ ಸಂಖ್ಯೆ ಈಗ ಚಾಲ್ತಿಯಲ್ಲಿಲ್ಲ. ಆತ ಪಾಪ, ಫೋನ್ ಎತ್ತಿದ, ಮಾತಾಡಿದ, ಆದರೆ ಅವನ ಕೈಯಲ್ಲೂ ಏನೂ ಉಳಿದಿರಲಿಲ್ಲ. ಖಾತೆಯನ್ನು ಸಂಘದ ಹೆಸರಿಗೆ ವರ್ಗಾಯಿಸಲು ಕಂಪನಿ ಕೇಳಿದ್ದು: ಲೆಟರ್‌ಹೆಡ್‌ನಲ್ಲಿ ಮನವಿ, ಸಂಘದ ಪ್ಯಾನ್ ಪ್ರತಿ, ನೋಂದಣಿ ಪ್ರಮಾಣಪತ್ರ, ಕೊನೆಯ ಬಿಲ್ ಪಾವತಿಸಿದ ದಾಖಲೆ, ಮತ್ತು ಇಂಥವರಿಗೆ ಅಧಿಕಾರ ಕೊಟ್ಟಿದೆ ಎನ್ನುವ ಆಡಳಿತ ಮಂಡಳಿಯ ಠರಾವು. ಠರಾವು ಬೇಕಾದರೆ ಸಭೆ ಸೇರಬೇಕು. ಸಭೆ ತಿಂಗಳಿಗೊಮ್ಮೆ. ಅಷ್ಟರವರೆಗೆ ದರದ ಪುಟ ಆಗಾಗ ಕೈಕೊಡುತ್ತಲೇ ಇತ್ತು, ಏನೂ ಮಾಡಲಾಗದೆ ಕೂತಿರುವ ಸಂಕಟ ನನ್ನದು. ಈ ಬರಹ ಓದುತ್ತಿರುವ ಯಾರಾದರೂ ಸಂಘ-ಸಂಸ್ಥೆಯ ತಾಣ ನೋಡಿಕೊಳ್ಳುತ್ತಿದ್ದರೆ, ಖಾತೆ ಯಾರ ಇಮೇಲ್‌ನಲ್ಲಿದೆ, ಒಟಿಪಿ ಯಾವ ಸಂಖ್ಯೆಗೆ ಬರುತ್ತದೆ ಎಂದು ಇವತ್ತೇ ನೋಡಿಕೊಳ್ಳಿ. ವ್ಯಕ್ತಿಯ ಹೆಸರಲ್ಲಿದ್ದರೆ ಸಂಸ್ಥೆಯ ಹೆಸರಿಗೆ ಮಾಡಿಸಿ.

ಒಳಗೆ ಹೋಗುವ ದಾರಿ ತೆರೆದ ಸಂಜೆ ನಾನು ಮೊದಲು ನೋಡಿದ್ದು ವಾರ್ ಫೋಲ್ಡರ್, ಅದರೊಳಗೆ ಲಾಗ್, ಅದರೊಳಗೆ ಎಂಜಿನ್‌ಎಕ್ಸ್. ಅಲ್ಲಿ ಎರರ್ ಡಾಟ್ ಲಾಗ್ ಇತ್ತು, ಗಾತ್ರ ಸೊನ್ನೆ. ಹಳೆಯವೂ ಸೊನ್ನೆ. ತಪ್ಪೇ ಇಲ್ಲದ ಸರ್ವರ್ ಜಗತ್ತಿನಲ್ಲಿ ಇಲ್ಲ, ಆದ್ದರಿಂದ ಬೇರೆಲ್ಲೋ ಹೋಗುತ್ತಿದೆ ಅನ್ನುವುದು ಖಾತ್ರಿಯಾಯಿತು. ತಾಣದ ಸರ್ವರ್ ಬ್ಲಾಕ್ (ಎಂಜಿನ್‌ಎಕ್ಸ್‌ನ ಕಾನ್ಫಿಗ್, ಅಂದರೆ ಸೆಟ್ಟಿಂಗ್ ಕಡತದಲ್ಲಿ ಆ ತಾಣದ ಭಾಗ) ತೆರೆದರೆ ಅಲ್ಲೊಂದು ಸಾಲು: ಎರರ್ ಅಂಡರ್‌ಸ್ಕೋರ್ ಲಾಗ್, ಮುಂದೆ ಆಫ್.

ಆಕ್ಸೆಸ್ ಲಾಗ್‌ಗೆ ಆಫ್ ಎಂದು ಬರೆದರೆ ಅದು ನಿಲ್ಲುತ್ತದೆ. ಎರರ್ ಲಾಗ್‌ಗೆ ಹಾಗಲ್ಲ. ಎಂಜಿನ್‌ಎಕ್ಸ್ ಆ ಪದವನ್ನು ಕಡತದ ಹೆಸರೆಂದು ತಿಳಿದು, "ಆಫ್" ಎನ್ನುವ ಹೆಸರಿನ ಒಂದು ಕಡತ ಮಾಡಿ ಅದರೊಳಗೆ ಬರೆಯುತ್ತಾ ಹೋಗುತ್ತದೆ. ಅದು ಎಲ್ಲಿದೆ ಎಂದು ಕಾನ್ಫಿಗ್ ನೋಡಿ ಊಹಿಸುತ್ತಾ ಕೂರುವುದಕ್ಕಿಂತ ಓಡುತ್ತಿರುವ ಪ್ರೋಗ್ರಾಮನ್ನೇ ಕೇಳುವುದು ಉತ್ತಮ. ಎಲ್‌ಎಸ್‌ಒಎಫ್ ಎಂಬ ಆಜ್ಞೆಗೆ ಡ್ಯಾಶ್ ಸಿ ಎಂದು ಕೊಟ್ಟು ಎಂಜಿನ್‌ಎಕ್ಸ್ ಹೆಸರು ಹೇಳಿದರೆ, ಅದು ಈ ಕ್ಷಣ ಯಾವ್ಯಾವ ಕಡತ ತೆರೆದು ಹಿಡಿದಿದೆ ಎನ್ನುವ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಯುಎಸ್‌ಆರ್, ಶೇರ್, ಎಂಜಿನ್‌ಎಕ್ಸ್ ಫೋಲ್ಡರ್‌ನಲ್ಲಿ "ಆಫ್" ಕೂತಿತ್ತು. ಗಾತ್ರ ಗಿಗಾಬೈಟ್ ಲೆಕ್ಕದಲ್ಲಿ. ಲಾಗ್ ಫೋಲ್ಡರ್‌ನ ಆಚೆ ಇದ್ದುದರಿಂದ, ಹಳೆಯ ಲಾಗ್‌ಗಳನ್ನು ಬೇರ್ಪಡಿಸಿ ಅಳಿಸುತ್ತಾ ಹೋಗುವ ಲಾಗ್‌ರೊಟೇಟ್‌ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ವರ್ಷಗಟ್ಟಲೆಯ ಸಾಲುಗಳು ಒಂದರ ಮೇಲೊಂದು ಬಿದ್ದಿದ್ದವು. ಈ ಎಲ್‌ಎಸ್‌ಒಎಫ್ ಅಭ್ಯಾಸ ಮಾಡಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಕಾನ್ಫಿಗ್ ಹೇಳುವುದು ಬರೆದವರ ಉದ್ದೇಶವನ್ನು. ನಡೆಯುತ್ತಿರುವುದನ್ನು ಹೇಳುವುದು ಪ್ರೋಗ್ರಾಂ ತೆರೆದು ಹಿಡಿದ ಕಡತ.

ಆಸೆಯಿಂದ ಆ ಕಡತದ ಬಾಲ ನೋಡಿದೆ. ನಮ್ಮ ತಾಣದಲ್ಲಿ ಇಲ್ಲವೇ ಇಲ್ಲದ ವರ್ಡ್‌ಪ್ರೆಸ್ ಪುಟಗಳನ್ನು ಹುಡುಕಿಕೊಂಡು ಬಂದ ಬಾಟ್‌ಗಳ ಸಾಲುಗಳೇ ಮುಕ್ಕಾಲು ಪಾಲು. ದರದ ಪುಟ ಸತ್ತದ್ದರ ಬಗ್ಗೆ ಒಂದಕ್ಷರವೂ ಇಲ್ಲ. ನಿಜ ಹೇಳಬೇಕೆಂದರೆ ಆಗ ತುಂಬ ನಿರಾಶೆಯಾಯಿತು. ಆದರೂ ಅದರಿಂದ ಒಂದು ವಿಷಯ ಸ್ಪಷ್ಟವಾಯಿತು: ಎಂಜಿನ್‌ಎಕ್ಸ್ ಬಾಯಿ ಬಿಡುತ್ತಿದೆ, ಪಿಎಚ್‌ಪಿ ಬಾಯಿ ಮುಚ್ಚಿದೆ. ಎರರ್ ಲಾಗ್ ಸಾಲನ್ನು ಲಾಗ್ ಫೋಲ್ಡರ್‌ನೊಳಗೆ ತಾಣದ್ದೇ ಹೆಸರಿನ ಕಡತಕ್ಕೆ ತಿರುಗಿಸಿ, ಮಟ್ಟವನ್ನು ವಾರ್ನ್ ಎಂದು ಇಟ್ಟೆ. ಏನೂ ಹೇಳದಿದ್ದರೆ ಮಟ್ಟ ಎರರ್ ಆಗಿರುತ್ತದೆ. ವಾರ್ನ್ ಇಟ್ಟರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಚ್ಚರಿಕೆಗಳೂ ಸಿಗುತ್ತವೆ. ಎಂಜಿನ್‌ಎಕ್ಸ್ ಡ್ಯಾಶ್ ಟಿ ಹಾಕಿ ಪರೀಕ್ಷಿಸಿ, ಆಮೇಲೆ ರೀಲೋಡ್. ಡ್ಯಾಶ್ ಟಿ ಹಾಕದೆ ಯಾವತ್ತೂ ರೀಲೋಡ್ ಮಾಡಬೇಡಿ.

ಇನ್ನು ಪಿಎಚ್‌ಪಿ. ಹೊಸಬರು ಅತಿ ಹೆಚ್ಚು ದಾರಿ ತಪ್ಪುವುದು ಇಲ್ಲಿ ಎಂದು ನನ್ನ ಅನಿಸಿಕೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉಬುಂಟುವಿನಲ್ಲಿ ಪಿಎಚ್‌ಪಿಯ ಸೆಟ್ಟಿಂಗ್ ಕಡತ, ಪಿಎಚ್‌ಪಿ ಡಾಟ್ ಐಎನ್‌ಐ, ಒಂದೇ ಅಲ್ಲ. ಇಟಿಸಿ ಫೋಲ್ಡರ್‌ನಲ್ಲಿ ಪಿಎಚ್‌ಪಿ, ಅದರೊಳಗೆ 8.1, ಅದರೊಳಗೆ ಸಿಎಲ್‌ಐ ಮತ್ತು ಎಫ್‌ಪಿಎಂ ಎಂದು ಎರಡು ಫೋಲ್ಡರ್, ಎರಡರಲ್ಲೂ ಒಂದೊಂದು ಐಎನ್‌ಐ. ಟರ್ಮಿನಲ್‌ನಲ್ಲಿ ಪಿಎಚ್‌ಪಿ ಡ್ಯಾಶ್ ಐ ಎಂದು ಕೇಳಿದರೆ ಉತ್ತರ ಸಿಎಲ್‌ಐನದ್ದು. ತಾಣ ಓಡುವುದು ಎಫ್‌ಪಿಎಂನಲ್ಲಿ. ಟರ್ಮಿನಲ್‌ನ ಉತ್ತರ ನಂಬಿ ಇನ್ನೊಂದು ಕಡತ ತಿದ್ದುತ್ತಾ ಕೂತರೆ ಇಡೀ ದಿನ ಹೋಗುತ್ತದೆ. ಪಿಎಚ್‌ಪಿ ಇನ್ಫೋ ಕರೆಯುವ ಸಣ್ಣ ಪುಟವೊಂದನ್ನು ಊಹಿಸಲಾಗದ ಹೆಸರಿನಲ್ಲಿ ಇಟ್ಟು, ಬ್ರೌಸರ್‌ನಲ್ಲಿ ತೆರೆದು, "ಲೋಡೆಡ್ ಕಾನ್ಫಿಗರೇಶನ್ ಫೈಲ್" ಎನ್ನುವ ಸಾಲು ನೋಡಿ. ನೋಡಿದ ಕೂಡಲೇ ಆ ಪುಟ ಅಳಿಸಿಬಿಡಿ. ಸರ್ವರ್‌ನ ಒಳಗುಟ್ಟೆಲ್ಲ ಅದರಲ್ಲಿ ಇರುತ್ತದೆ.

ಎಫ್‌ಪಿಎಂನ ಐಎನ್‌ಐಯಲ್ಲಿ ಎಲ್ಲ ಶಾಸ್ತ್ರೋಕ್ತವಾಗಿತ್ತು. ಡಿಸ್‌ಪ್ಲೇ ಎರರ್ಸ್ ಆಫ್, ಲಾಗ್ ಎರರ್ಸ್ ಆನ್. ಜನರ ಮುಂದೆ ತಪ್ಪು ತೋರಿಸಬಾರದು, ಕಡತಕ್ಕೆ ಬರೆಯಬೇಕು, ಹೀಗೇ ಇರಬೇಕಾದದ್ದು. ಎರರ್ ಲಾಗ್ ಎನ್ನುವ ಸಾಲಿಗೆ ಮಾತ್ರ ವಿಳಾಸ ಕೊಟ್ಟಿರಲಿಲ್ಲ. ಕೊಡದಿದ್ದರೆ ಪಿಎಚ್‌ಪಿಯ ದೂರುಗಳು ಎಂಜಿನ್‌ಎಕ್ಸ್‌ನ ಎರರ್ ಲಾಗ್‌ಗೆ ಹೋಗಿ ಸೇರುತ್ತವೆ. ನನಗೆ ಅವು ಬೇರೆಯೇ ಬೇಕಿತ್ತು, ಬಾಟ್‌ಗಳ ಗದ್ದಲದ ನಡುವೆ ಹುಡುಕುವ ಕಷ್ಟ ಬೇಡ ಎಂದು.

ಅದಕ್ಕೆ ಸರಿಯಾದ ಜಾಗ ಪೂಲ್ ಕಡತ, ಡಬ್ಲ್ಯುಡಬ್ಲ್ಯುಡಬ್ಲ್ಯು ಡಾಟ್ ಕಾನ್ಫ್. ಪುಟಗಳನ್ನು ಹೇಗೆ ಓಡಿಸಬೇಕೆಂದು ಎಫ್‌ಪಿಎಂಗೆ ಹೇಳುವ ಕಡತ ಅದು. ಅದರ ಕೊನೆಯಲ್ಲಿ ಸೆಮಿಕೋಲನ್ ಹಾಕಿ ಮಲಗಿಸಿಟ್ಟ ಎರಡು ಮಾದರಿ ಸಾಲುಗಳಿರುತ್ತವೆ: ಪಿಎಚ್‌ಪಿ ಅಡ್ಮಿನ್ ವ್ಯಾಲ್ಯೂನಲ್ಲಿ ಎರರ್ ಲಾಗ್‌ನ ವಿಳಾಸ, ಪಿಎಚ್‌ಪಿ ಅಡ್ಮಿನ್ ಫ್ಲಾಗ್‌ನಲ್ಲಿ ಲಾಗ್ ಎರರ್ಸ್ ಆನ್. ಅಡ್ಮಿನ್ ಎಂದು ಕೊಟ್ಟದ್ದನ್ನು ಪ್ರೋಗ್ರಾಮಿನೊಳಗಿನಿಂದ ಐಎನ್‌ಐ ಸೆಟ್ ಕರೆದು ಬದಲಿಸಲಾಗುವುದಿಲ್ಲ, ಅದೇ ಇದರ ಬಲ. ಆದರೆ ಸೆಮಿಕೋಲನ್ ತೆಗೆದು ಸುಮ್ಮನಾದರೆ ಸಾಲದು. ಮಾದರಿಯಲ್ಲಿರುವ ವಿಳಾಸ ನೇರ ವಾರ್ ಲಾಗ್ ಫೋಲ್ಡರ್‌ನದ್ದು. ಎಫ್‌ಪಿಎಂನ ಯಜಮಾನ ಪ್ರಕ್ರಿಯೆ ರೂಟ್ ಆಗಿ ಓಡಿದರೂ, ಪುಟ ಓಡಿಸುವ ಕೆಲಸಗಾರ ಪ್ರಕ್ರಿಯೆಗಳು ಡಬ್ಲ್ಯುಡಬ್ಲ್ಯುಡಬ್ಲ್ಯು ಡೇಟಾ ಎನ್ನುವ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ. ಆ ಬಳಕೆದಾರನಿಗೆ ವಾರ್ ಲಾಗ್‌ನಲ್ಲಿ ಹೊಸ ಕಡತ ಮಾಡುವ ಹಕ್ಕಿಲ್ಲ. ಕಡತ ತೆರೆಯಲಾಗದಿದ್ದರೆ ಪಿಎಚ್‌ಪಿ ಗಲಾಟೆ ಮಾಡುವುದಿಲ್ಲ, ಮೊದಲಿನ ದಾರಿಗೇ ಸದ್ದಿಲ್ಲದೆ ಮರಳುತ್ತದೆ. ನೀವು ಹೊಸ ಕಡತಕ್ಕಾಗಿ ಕಾಯುತ್ತಾ ಇರುತ್ತೀರಿ. ಆದ್ದರಿಂದ ವಾರ್ ಲಾಗ್‌ನೊಳಗೆ ಸಂಘದ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ, ಒಡೆತನ ಡಬ್ಲ್ಯುಡಬ್ಲ್ಯುಡಬ್ಲ್ಯು ಡೇಟಾಗೆ, ಗುಂಪು ಎಡಿಎಂಗೆ (ಲಾಗ್ ಓದುವವರ ಗುಂಪು) ಕೊಟ್ಟು, ಅನುಮತಿ 750 (ಒಡೆಯನಿಗೆ ಪೂರ್ತಿ ಹಕ್ಕು, ಗುಂಪಿಗೆ ಓದಲು ಮಾತ್ರ, ಉಳಿದವರಿಗೆ ಏನೂ ಇಲ್ಲ) ಇಟ್ಟೆ.

ಎಫ್‌ಪಿಎಂ ರೀಲೋಡ್ ಮಾಡಿ ಕಾದೆ. ಏನೂ ಬರಲಿಲ್ಲ. ಅಂದು ಸಂಜೆ ಪುಟ ಮತ್ತೆ ಅರ್ಧಕ್ಕೆ ನಿಂತಿತು, ಲಾಗ್ ಮಾತ್ರ ಖಾಲಿ.

ಎಲ್ಲವನ್ನೂ ಪಕ್ಕಕ್ಕಿಟ್ಟು ಬೇಕೆಂದೇ ತಪ್ಪು ಮಾಡುವ ಪುಟವೊಂದನ್ನು ಬರೆದದ್ದು ಆಗಲೇ. ಈ ಇಡೀ ಕೆಲಸದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ನೀವೇ ಮಾಡಿದ ತಪ್ಪು ನಿಮ್ಮ ಕಣ್ಣೆದುರು ಲಾಗ್‌ಗೆ ಬಂದು ಬೀಳುವವರೆಗೂ ಲಾಗಿಂಗ್ ಆಗಿದೆ ಎಂದು ನಂಬಬೇಡಿ. ಒಂದು ಟರ್ಮಿನಲ್‌ನಲ್ಲಿ ಟೇಲ್ ಡ್ಯಾಶ್ ಎಫ್ (ಕಡತಕ್ಕೆ ಹೊಸ ಸಾಲು ಬಿದ್ದಂತೆ ತೋರಿಸುವ ಆಜ್ಞೆ) ಹಾಕಿ ಲಾಗ್ ತೆರೆದಿಟ್ಟುಕೊಂಡು, ಇನ್ನೊಂದು ಕಡೆ ಪುಟ ತೆರೆಯಬೇಕು. ಪುಟದಲ್ಲಿ ಒಂದೊಂದಾಗಿ ಪರೀಕ್ಷೆ. ಇಲ್ಲದ ವೇರಿಯಬಲ್ ಓದುವುದು, ಅದು ವಾರ್ನಿಂಗ್ ಕೊಡಬೇಕು. ಇಲ್ಲದ ಫಂಕ್ಷನ್ ಕರೆಯುವುದು, ಅದು ಹಿಡಿಯದ ಎಕ್ಸೆಪ್ಶನ್ ಆಗಿ ಫೇಟಲ್ ಎರರ್ ಎಂದು ಬರಬೇಕು. ಕೊನೆಯಿಲ್ಲದ ಲೂಪಿನಲ್ಲಿ ಅರೇ ಬೆಳೆಸುತ್ತಾ ಮೆಮೊರಿ ಮುಗಿಸುವುದು. ತಪ್ಪನ್ನು ಕೋಡ್‌ನೊಳಗೇ ಹಿಡಿಯುವ ಟ್ರೈ–ಕ್ಯಾಚ್‌ಗೆ ಇದು ಸಿಗುವುದೇ ಇಲ್ಲ. ಈ ಮೂರೂ ಲಾಗ್‌ನಲ್ಲಿ ಕಂಡರೆ ಸರ್ವರ್‌ನ ಕಡೆಯಿಂದ ಎಲ್ಲ ಸರಿ.

ನನ್ನ ಪುಟದ ಮೂರೂ ತಪ್ಪುಗಳು ತಕ್ಷಣ ಬಂದು ಬಿದ್ದವು. ಅಂದರೆ ಸರ್ವರ್ ಸರಿಯಿದೆ, ತಾಣದ ಪ್ರೋಗ್ರಾಮೇ ಬಾಯಿ ಕಟ್ಟುತ್ತಿದೆ. ಗ್ರೆಪ್ (ಕಡತಗಳೊಳಗೆ ಪದ ಹುಡುಕುವ ಆಜ್ಞೆ) ಹಾಕಿ ಇಡೀ ಕೋಡ್‌ನಲ್ಲಿ ಎರರ್ ರಿಪೋರ್ಟಿಂಗ್ ಎಂದು ಹುಡುಕಿದೆ. ಎಲ್ಲ ಪುಟಗಳೂ ಮೊದಲು ಸೇರಿಸಿಕೊಳ್ಳುವ ಕಡತದ ಎರಡನೇ ಸಾಲಿನಲ್ಲೇ ಇತ್ತು: ಎರರ್ ರಿಪೋರ್ಟಿಂಗ್, ಆವರಣದೊಳಗೆ ಸೊನ್ನೆ. ಪರದೆಯ ಮೇಲೆ ಎಚ್ಚರಿಕೆಗಳು ಕಾಣಬಾರದೆಂದು ಯಾರೋ ಯಾವತ್ತೋ ಹಾಕಿದ್ದು. ಆದರೆ ಅದು ಪರದೆಯ ಜೊತೆಗೆ ಲಾಗನ್ನೂ ಮುಚ್ಚುತ್ತದೆ, ಫೇಟಲ್ ಎರರ್ ಸಮೇತ. ತೋರಿಸುವುದು ಬೇಡ ಎಂದರೆ ಡಿಸ್‌ಪ್ಲೇ ಎರರ್ಸ್ ಆಫ್ ಮಾಡಬೇಕು. ಇವೆರಡನ್ನೂ ಒಂದೇ ಎಂದುಕೊಂಡ ಕೋಡ್ ನಾನು ಬೇರೆ ಕಡೆಯೂ ಕಂಡಿದ್ದೇನೆ. ಆ ಸಾಲನ್ನು ತೆಗೆದೆ.

ಜೊತೆಗೇ ಕ್ಯಾಚ್ ಬ್ಲಾಕ್‌ಗಳನ್ನೂ ಹುಡುಕಿ ನೋಡಿ. ಸದಸ್ಯರ ಲಾಗಿನ್ ಪುಟದಲ್ಲಿ ಡೇಟಾಬೇಸ್ ಕರೆಯ ಸುತ್ತ ಟ್ರೈ ಇತ್ತು, ಕ್ಯಾಚ್ ಇತ್ತು, ಕ್ಯಾಚ್‌ನ ಒಳಗೆ ಏನೂ ಇರಲಿಲ್ಲ. ಹಾಗೆ ನುಂಗಿದ ತಪ್ಪನ್ನು ಯಾವ ಕಾನ್ಫಿಗರೇಶನ್ನೂ ಹೊರಗೆ ತರಲಾರದು. ಪ್ರತಿಯೊಂದರ ಒಳಗೂ ಎರರ್ ಲಾಗ್ ಫಂಕ್ಷನ್ ಕರೆದು ಎಕ್ಸೆಪ್ಶನ್‌ನ ಸಂದೇಶ ಬರೆಸಬೇಕಾಯಿತು. ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ.

ಮರುದಿನ ಬೆಳಿಗ್ಗೆ ಲಾಗ್ ತೆರೆದರೆ ಸಾಲುಗಳ ಪ್ರವಾಹ. ಪಿಎಚ್‌ಪಿ 8.1 ಬಂದಾಗಿನಿಂದ, ಸ್ಟ್ರಿಂಗ್ ಬೇಡುವ ಒಳಗಿನ ಫಂಕ್ಷನ್‌ಗಳಿಗೆ ನಲ್ (ಏನೂ ಇಲ್ಲ ಎನ್ನುವ ಗುರುತು) ಕೊಟ್ಟರೆ "ಡೆಪ್ರಿಕೇಟೆಡ್" (ಮುಂದೆ ಇದು ನಡೆಯದು) ಎಂದು ಪ್ರತಿ ಸಲವೂ ಬರೆಯುತ್ತದೆ. ಹಳೆಯ ಕೋಡ್‌ನಲ್ಲಿ ಟ್ರಿಮ್, ಸ್ಟ್ರಿಂಗ್ ರಿಪ್ಲೇಸ್ ಎಲ್ಲದಕ್ಕೂ ಡೇಟಾಬೇಸ್‌ನಿಂದ ಬಂದ ನಲ್‌ಗಳೇ ಹೋಗುತ್ತಿದ್ದವು. ಒಂದು ಪುಟ ತೆರೆದರೆ ಸಾಲುಸಾಲು. ಹೀಗೆ ಬಿಟ್ಟರೆ ಡಿಸ್ಕ್ ತುಂಬುತ್ತದೆ, ಡಿಸ್ಕ್ ತುಂಬಿದರೆ ಡೇಟಾಬೇಸ್ ಬರೆಯುವುದನ್ನು ನಿಲ್ಲಿಸುತ್ತದೆ, ಸೆಷನ್ ಕಡತಗಳು ಸಿಗದೆ ಲಾಗಿನ್ ಕೆಡುತ್ತದೆ. ಲಾಗ್‌ಗಾಗಿ ತಾಣವನ್ನೇ ಬಲಿ ಕೊಟ್ಟಂತಾಗುತ್ತದೆ. ಪೂಲ್ ಕಡತದಲ್ಲಿ ಎರರ್ ರಿಪೋರ್ಟಿಂಗ್ ಅನ್ನು ಎಲ್ಲವೂ ಬೇಕು, ಡೆಪ್ರಿಕೇಟೆಡ್ ಒಂದು ಬೇಡ ಎಂದು ಇಟ್ಟೆ. ಬಂದಿದ್ದ ಡೆಪ್ರಿಕೇಟೆಡ್ ಸಾಲುಗಳನ್ನು ಬಿಸಾಡಲಿಲ್ಲ. ಸಾರ್ಟ್, ಯುನೀಕ್ ಹಾಕಿ ಕಡತ ಮತ್ತು ಸಾಲಿನ ಸಂಖ್ಯೆಯ ಪಟ್ಟಿ ಮಾಡಿಕೊಂಡೆ. ಮುಂದೆ ಪಿಎಚ್‌ಪಿ ಆವೃತ್ತಿ ಏರಿಸುವಾಗ ಎಲ್ಲಿ ಕೈ ಹಾಕಬೇಕೆಂದು ಹೇಳುವ ಪಟ್ಟಿ ಅದು.

ಇಷ್ಟಾದ ಮೇಲೆ ಕಾದದ್ದು ಸಂಜೆಗಾಗಿ. ಟೆಂಡರ್ ಮುಗಿದು, ಕಚೇರಿಯ ಗುಮಾಸ್ತರು ದರದ ಎಕ್ಸೆಲ್ ಕಡತ ಏರಿಸಿದರು. ಟೇಲ್ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬಂತು:

"ಪಿಎಚ್‌ಪಿ ಫೇಟಲ್ ಎರರ್: ಅಲೌಡ್ ಮೆಮೊರಿ ಸೈಜ್ ಆಫ್ 134217728 ಬೈಟ್ಸ್ ಎಕ್ಸಾಸ್ಟೆಡ್."

ಜೊತೆಗೆ ಕಡತದ ಹೆಸರು, ಸಾಲಿನ ಸಂಖ್ಯೆ. ಆ ಅಂಕಿಯನ್ನು ಪಿಎಚ್‌ಪಿ ಬರೆಯುವವರು ಕಂಡೊಡನೆ ಗುರುತಿಸುತ್ತಾರೆ: 128 ಎಂಬಿ, ಮೆಮೊರಿ ಲಿಮಿಟ್‌ಗೆ ನಾವೇನೂ ಹೇಳದಿದ್ದರೆ ಇರುವ ಮಿತಿ. ಇಷ್ಟು ದಿನ ಕತ್ತಲಲ್ಲಿ ತಡಕಾಡಿದ್ದಕ್ಕೆ ಒಂದು ಸಾಲಿನ ಉತ್ತರ. ಅದನ್ನು ಓದಿದಾಗ ಆದ ಸಮಾಧಾನ ದೊಡ್ಡದು.

ಸಾಲಿನ ಸಂಖ್ಯೆ ಹಿಡಿದು ಹೋದರೆ ಅದು ಎಕ್ಸೆಲ್ ಓದುವ ಲೈಬ್ರರಿಯ ಕರೆ. ಯಾರಾದರೂ ದರದ ಪುಟ ತೆರೆದಾಗಲೆಲ್ಲ ಪ್ರೋಗ್ರಾಂ ಆ ಎಕ್ಸೆಲ್ ಕಡತವನ್ನೇ ಪೂರ್ತಿ ಓದುತ್ತಿತ್ತು. ದರದ ಪಟ್ಟಿಯಲ್ಲಿ ಇರುವುದು ಹತ್ತಾರು ಸಾಲು; 128 ಎಂಬಿ ಹೇಗೆ ಸಾಲದಾಯಿತು? ಕಡತ ತೆರೆದು ಕಂಟ್ರೋಲ್ ಎಂಡ್ ಒತ್ತಿದೆ. ಕರ್ಸರ್ ಶೀಟ್‌ನ ತಳಕ್ಕೇ, 10,48,576ನೇ ಸಾಲಿಗೆ ಹೋಗಿ ನಿಂತಿತು. ಎಕ್ಸೆಲ್ ಶೀಟ್‌ನ ಕೊನೆಯ ಸಾಲು ಅದು. ಒಂದು ಶಾಖೆಯಿಂದ ಬರುವ ಕಡತದಲ್ಲಿ ಕಾಲಂಗೆ ಬಣ್ಣ, ಗೆರೆ ಹಾಕಿದ ಫಾರ್ಮ್ಯಾಟ್ ತಳದವರೆಗೂ ಎಳೆದು ಹೋಗಿತ್ತು. ನೋಡುವವರಿಗೆ ಅವು ಖಾಲಿ ಸಾಲು. ಲೈಬ್ರರಿಗೆ ಮಾತ್ರ ಅಷ್ಟೂ ಸಾಲುಗಳು ಇದ್ದಂತೆಯೇ. ಆ ಶಾಖೆಯ ಕಡತ ಬಂದ ದಿನ ಪುಟ ಸಾಯುತ್ತಿತ್ತು, ಬೇರೆಯ ಕಡತ ಅದರ ಮೇಲೆ ಏರಿದ ಕೂಡಲೇ ಬದುಕುತ್ತಿತ್ತು. ನಾನು ನೋಡುವಾಗ ಒಂದೊಂದು ಸಲ ಸರಿಯಿದ್ದದ್ದು ಇದಕ್ಕೇ. ಮೆಮೊರಿ ಲಿಮಿಟ್ ಏರಿಸಿ ಕೈತೊಳೆದುಕೊಳ್ಳಬಹುದಿತ್ತು, ಆದರೆ ತಿಂಗಳಿಗೆ ಸಾವಿರ ರೂಪಾಯಿಯ ಒಳಗಿನ ಈ ಸಣ್ಣ ಸರ್ವರ್‌ನಲ್ಲಿ ಅದು ತೊಂದರೆಯನ್ನು ಮುಂದಕ್ಕೆ ತಳ್ಳುವುದಷ್ಟೇ. ಎಕ್ಸೆಲ್ ಕಡತ ಏರಿಸಿದ ತಕ್ಷಣ ಒಂದೇ ಸಲ, ಬೇಕಾದ ಸಾಲುಗಳನ್ನು ಮಾತ್ರ ಓದಿ ಡೇಟಾಬೇಸ್‌ಗೆ ಹಾಕುವಂತೆ ಬದಲಿಸಿದೆ. ಪುಟ ಈಗ ಎಕ್ಸೆಲ್ ಮುಟ್ಟುವುದೇ ಇಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಇನ್ನಷ್ಟು ಬಿಡಿ ಎಳೆಗಳು ಕಂಡವು. ಒಂದು, ಗಡಿಯಾರ. ಎಂಜಿನ್‌ಎಕ್ಸ್‌ನ ಸಾಲು ಸಂಜೆ 5:22 ಎನ್ನುತ್ತಿತ್ತು, ಪಿಎಚ್‌ಪಿಯದ್ದು ಅದೇ ಘಟನೆಗೆ 11:52. ಸರ್ವರ್ ಭಾರತದ ಸಮಯದಲ್ಲಿತ್ತು, ಪಿಎಚ್‌ಪಿಗೆ ಸಮಯವಲಯ ಹೇಳಿರಲಿಲ್ಲ. ಹೇಳದಿದ್ದರೆ ಅದು ಯುಟಿಸಿ ಹಿಡಿಯುತ್ತದೆ. ಐದೂವರೆ ಗಂಟೆಯ ಈ ಅಂತರ ಗೊತ್ತಿಲ್ಲದಿದ್ದರೆ ಎರಡು ಲಾಗ್‌ಗಳನ್ನು ಹೊಂದಿಸಿ ಓದುವುದು ಅಸಾಧ್ಯ. ಪೂಲ್ ಕಡತದಲ್ಲೇ ಡೇಟ್ ಡಾಟ್ ಟೈಮ್‌ಝೋನ್‌ಗೆ ಏಷ್ಯಾ, ಕೋಲ್ಕತಾ ಎಂದು ಕೊಟ್ಟೆ.

ಇನ್ನೊಂದು, ಆ "ಆಫ್" ಕಡತ. ಅದನ್ನು ಒತ್ತಿ (ಕಂಪ್ರೆಸ್ ಮಾಡಿ) ಬೇರೆ ಕಡೆ ಪ್ರತಿ ಇಟ್ಟು ಅಳಿಸುವವರಿಗೆ ಒಂದು ಮಾತು. ತೆರೆದು ಹಿಡಿದಿರುವ ಕಡತವನ್ನು ಆರ್‌ಎಂ ಮಾಡಿದರೆ ಹೆಸರು ಹೋಗುತ್ತದೆ, ಜಾಗ ಬಿಡುವುದಿಲ್ಲ. ಡಿಸ್ಕ್‌ನ ಲೆಕ್ಕ ಹೇಳುವ ಡಿಎಫ್ ಆಜ್ಞೆ ಹಾಕಿದರೆ ಡಿಸ್ಕ್ ಇನ್ನೂ ತುಂಬಿಯೇ ಕಾಣುತ್ತದೆ. ಪ್ರೋಗ್ರಾಂ ಆ ಕಡತವನ್ನು ಬಿಡಬೇಕು. ಎಂಜಿನ್‌ಎಕ್ಸ್‌ಗೆ ಯುಎಸ್‌ಆರ್1 ಸಂಕೇತ ಕಳಿಸಿದರೆ ಲಾಗ್‌ಗಳನ್ನು ಮುಚ್ಚಿ ಹೊಸದಾಗಿ ತೆರೆಯುತ್ತದೆ. ಹೀಗೆ ಅಳಿಸಿದ ಮೇಲೂ ಯಾರೋ ಹಿಡಿದಿರುವ ಕಡತಗಳನ್ನು ಎಲ್‌ಎಸ್‌ಒಎಫ್ ಪ್ಲಸ್ ಎಲ್1 ತೋರಿಸುತ್ತದೆ. ಪಿಎಚ್‌ಪಿಯ ಎರರ್ ಲಾಗ್‌ಗೆ ಈ ತಾಪತ್ರಯವಿಲ್ಲ, ಪ್ರತಿ ಸಂದೇಶಕ್ಕೂ ಅದು ಕಡತ ತೆರೆದು, ಬರೆದು, ಮುಚ್ಚುತ್ತದೆ.

ಹೊಸ ಫೋಲ್ಡರ್‌ಗೆ ಲಾಗ್‌ರೊಟೇಟ್ ಬೇಕಲ್ಲ. ಇಟಿಸಿಯೊಳಗಿನ ಲಾಗ್‌ರೊಟೇಟ್ ಡಾಟ್ ಡಿ ಫೋಲ್ಡರ್‌ನಲ್ಲಿ ಸಂಘದ ಹೆಸರಿನ ಕಡತ ಬರೆದು, ದಿನಕ್ಕೊಮ್ಮೆ ತಿರುಗಿಸು, ಒತ್ತಿ ಇಡು, ಖಾಲಿಯಿದ್ದರೆ ಬಿಡು, ಹೊಸ ಕಡತವನ್ನು 640 ಅನುಮತಿಯಲ್ಲಿ ಮಾಡು ಎಂದು ಹೇಳಿದೆ. ಫೋಲ್ಡರ್‌ಗೆ ರೂಟ್ ಅಲ್ಲದ ಗುಂಪಿನ ಬರೆಯುವ ಹಕ್ಕಿದ್ದರೆ ಲಾಗ್‌ರೊಟೇಟ್ "ಇನ್‌ಸೆಕ್ಯೂರ್ ಪರ್ಮಿಶನ್ಸ್" ಎಂದು ಮುಟ್ಟದೆ ಮುಂದೆ ಹೋಗುತ್ತದೆ. ಆಗ ಎಸ್‌ಯು ಎನ್ನುವ ಸಾಲು ಸೇರಿಸಿ ಯಾರ ಹೆಸರಲ್ಲಿ ತಿರುಗಿಸಬೇಕೆಂದು ಹೇಳಬೇಕು. ಡ್ಯಾಶ್ ಡಿ ಹಾಕಿ ಓಡಿಸಿದರೆ ಏನನ್ನೂ ಬದಲಿಸದೆ, ಏನು ಮಾಡುತ್ತಿದ್ದೆ ಎಂದಷ್ಟೇ ಹೇಳುತ್ತದೆ. ಅದನ್ನು ಓದದೆ ರಾತ್ರಿ ನಿದ್ದೆ ಮಾಡಬೇಡಿ.

ಎಷ್ಟು ದಿನದ ಲಾಗ್ ಇಡಬೇಕು ಎಂದು ಕಾರ್ಯದರ್ಶಿಯವರು ಕೇಳಿದರು. ಒಳ್ಳೆಯ ಪ್ರಶ್ನೆ. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್‌ಗೆ ತಾನಾಗಿ ಬರುವುದು 14 ದಿನ. ಆದರೆ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿ, ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳವರೆಗೆ ಸುರಕ್ಷಿತವಾಗಿ ಇಡಬೇಕು, ಗಡಿಯಾರವನ್ನು ಕೇಂದ್ರ ಸರ್ಕಾರದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳ ಜೊತೆ ಹೊಂದಿಸಿಕೊಳ್ಳಬೇಕು. ಸೈಬರ್ ಘಟನೆ ನಡೆದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಎನ್ನುವುದೂ ಅದರಲ್ಲೇ ಇದೆ. ಸಣ್ಣ ಸಂಘ ಎಂದು ಸಡಿಲ ಬಿಡುವುದಕ್ಕಿಂತ ಪಾಲಿಸುವುದೇ ಲೇಸು ಎನಿಸಿತು. ರೊಟೇಟ್ 180 ಎಂದು ಬರೆದೆ. ಅಕ್ಷರಗಳ ಕಡತ ಚೆನ್ನಾಗಿ ಒತ್ತಿಕೊಳ್ಳುವುದರಿಂದ ಜಾಗ ನಾನು ಹೆದರಿದಷ್ಟು ಬೇಕಾಗಲಿಲ್ಲ. ಮುಂಬೈಯ ಒಂದು ಸಂಗ್ರಹ ಸೇವೆಗೆ ಪ್ರತಿ ರಾತ್ರಿ ಪ್ರತಿ ಹೋಗುತ್ತದೆ. ಅದರ ಖರ್ಚನ್ನು ಮಂಡಳಿ ಚರ್ಚೆಯಿಲ್ಲದೆ ಒಪ್ಪಿತು.

ಇಷ್ಟು ದಿನ ಇಡುವುದಾದರೆ ಅದರಲ್ಲಿ ಏನಿದೆ ಎನ್ನುವುದೂ ಮುಖ್ಯವಾಗುತ್ತದೆ. ಸ್ಟ್ಯಾಕ್ ಟ್ರೇಸ್‌ನಲ್ಲಿ (ತಪ್ಪಾಗುವ ಹೊತ್ತಿಗೆ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎನ್ನುವ ಪಟ್ಟಿ) ಫಂಕ್ಷನ್‌ಗೆ ಕೊಟ್ಟ ಮೌಲ್ಯಗಳೂ ಬರುತ್ತವೆ. ಡೇಟಾಬೇಸ್ ಸಂಪರ್ಕ ತಪ್ಪಿದಾಗ ಪಾಸ್‌ವರ್ಡ್ ಕೂಡ ಲಾಗ್‌ಗೆ ಇಳಿಯುವ ಅಪಾಯವಿದೆ, ಸದಸ್ಯರ ಫೋನ್ ಸಂಖ್ಯೆಯೂ. ಐಎನ್‌ಐಯಲ್ಲಿ ಝೆಂಡ್ ಡಾಟ್ ಎಕ್ಸೆಪ್ಶನ್ ಇಗ್ನೋರ್ ಆರ್ಗ್ಸ್ ಆನ್ ಇದೆಯೇ ಎಂದು ನೋಡಿ; ಪ್ರೊಡಕ್ಷನ್ ಮಾದರಿಯ ಐಎನ್‌ಐಯಲ್ಲಿ ಆನ್ ಇರುತ್ತದೆ, ಡೆವಲಪ್‌ಮೆಂಟ್‌ನದ್ದರಲ್ಲಿ ಇರುವುದಿಲ್ಲ. ಲಾಗ್ ಕಡತ ತಾಣದ ಸಾರ್ವಜನಿಕ ಫೋಲ್ಡರ್‌ನೊಳಗೆ ಇರಲೇಬಾರದು. ವರ್ಡ್‌ಪ್ರೆಸ್ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಿ: ಡಬ್ಲ್ಯುಪಿ ಡೀಬಗ್ ಲಾಗ್‌ಗೆ ಟ್ರೂ ಎಂದಷ್ಟೇ ಕೊಟ್ಟರೆ ಅದು ಡಬ್ಲ್ಯುಪಿ ಕಂಟೆಂಟ್ ಫೋಲ್ಡರ್‌ನಲ್ಲಿ ಡೀಬಗ್ ಡಾಟ್ ಲಾಗ್ ಮಾಡುತ್ತದೆ, ಸರ್ವರ್ ತಡೆಯದಿದ್ದರೆ ವಿಳಾಸ ತಿಳಿದ ಯಾರು ಬೇಕಾದರೂ ಬ್ರೌಸರ್‌ನಲ್ಲಿ ಓದಬಹುದು. 5.1ನೇ ಆವೃತ್ತಿಯಿಂದ ಟ್ರೂ ಬದಲು ಹೊರಗಿನ ವಿಳಾಸ ಕೊಡಲು ಬರುತ್ತದೆ.

ಕನ್ನಡ ತಾಣ ನಡೆಸುವವರಿಗೆ ಇನ್ನೊಂದು ಕಷ್ಟ. ವಿಳಾಸದಲ್ಲಿ ಕನ್ನಡ ಅಕ್ಷರವಿದ್ದರೆ ಲಾಗ್‌ನಲ್ಲಿ ಅದು ಶೇಕಡಾ ಚಿಹ್ನೆಯ ಸಂಕೇತಗಳಾಗಿ ಬೀಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. "ಕ" ಒಂದೇ 9 ಅಕ್ಷರವಾಗುತ್ತದೆ, ಗುಣಿತ ಬಂದರೆ ಇನ್ನೊಂದು 9. "ಬಿಳಿಗೋಟು" ಎಂದು ಹುಡುಕಿದ ಪುಟದ ಸಾಲು ಮಾರುದ್ದ. ಗ್ರೆಪ್‌ನಲ್ಲಿ ಕನ್ನಡ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಲಾಗ್ ಓದುವ ಮೊದಲು ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸುವ ಎರಡು ಸಾಲಿನ ಪೈಥಾನ್ ತುಣುಕು ಮಾಡಿಟ್ಟುಕೊಂಡಿದ್ದೇನೆ. ಯುಆರ್‌ಎಲ್‌ಲಿಬ್‌ನ ಅನ್‌ಕೋಟ್ ಸಾಕು.

ಕೊನೆಯದು, ನೋಡುವವರು ಯಾರು ಎನ್ನುವುದು. ದಿನವೂ ಸರ್ವರ್‌ಗೆ ಹೋಗಿ ಲಾಗ್ ಓದುವುದು ಆಗದ ಮಾತು. ಹೊಸ ಫೇಟಲ್ ಎರರ್ ಬಂದರೆ ಇಮೇಲ್ ಬರಲಿ ಎಂದು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಇಟ್ಟೆ. ಇಮೇಲ್ ಹೊರಡಲೇ ಇಲ್ಲ. ಸ್ಪ್ಯಾಮ್ ತಡೆಯಲು ಹಲವು ಕ್ಲೌಡ್ ಕಂಪನಿಗಳು ಹೊರಹೋಗುವ 25ನೇ ಪೋರ್ಟ್ ಮುಚ್ಚಿರುತ್ತವೆ. ಸಂಘದ ಇಮೇಲ್ ಖಾತೆಯ ಮೂಲಕ 587ನೇ ಪೋರ್ಟ್‌ನಿಂದ ಕಳಿಸುವಂತೆ ಬದಲಿಸಿದ ಮೇಲೆ ಹೋಯಿತು. ಸ್ಕ್ರಿಪ್ಟ್ ಪೂರ್ತಿ ಸಾಲನ್ನು ಕಳಿಸುವುದಿಲ್ಲ. ಎಷ್ಟು ಬಂದಿವೆ, ಯಾವ ಕಡತ, ಯಾವ ಸಾಲು, ಅಷ್ಟೇ. ಗಂಟೆಗೆ ಒಂದಕ್ಕಿಂತ ಹೆಚ್ಚು ಕಳಿಸುವುದೂ ಇಲ್ಲ, ಹೆಚ್ಚಾದರೆ ಯಾರೂ ಓದುವುದಿಲ್ಲ.

ಬೇಕೆಂದೇ ತಪ್ಪು ಮಾಡುವ ಆ ಪುಟವನ್ನು ಸಾರ್ವಜನಿಕ ಫೋಲ್ಡರ್‌ನಿಂದ ತೆಗೆದಿದ್ದೇನೆ, ಕೋಡ್ ಮಾತ್ರ ಸಂಘದ ಕಂಪ್ಯೂಟರ್‌ನಲ್ಲಿ ಕೈಪಿಡಿಯ ಜೊತೆ ಇದೆ. ಪಿಎಚ್‌ಪಿ 8.1ರ ಭದ್ರತಾ ಬೆಂಬಲಕ್ಕೆ ಪಿಎಚ್‌ಪಿ ತಂಡದ ವೇಳಾಪಟ್ಟಿಯಲ್ಲಿದ್ದ ಕೊನೆಯ ದಿನ 2025ರ ಡಿಸೆಂಬರ್ 31, ಹಾಗಾಗಿ ಆವೃತ್ತಿ ಏರಿಸುವ ಕೆಲಸ ಕಾದಿದೆ. ಹೊಸ ಆವೃತ್ತಿಗೆ ಐಎನ್‌ಐ ಬೇರೆ, ಪೂಲ್ ಕಡತ ಬೇರೆ, ಅಲ್ಲಿ ಈ ಸಾಲುಗಳು ಯಾವುವೂ ಇರುವುದಿಲ್ಲ. ಏರಿಸಿದ ದಿನ ಮೊದಲು ಆ ಪುಟ ಓಡಿಸಿ, ಮೂರೂ ತಪ್ಪು ಲಾಗ್‌ಗೆ ಬಿದ್ದ ಮೇಲೆಯೇ ತಾಣವನ್ನು ಜನರಿಗೆ ತೆರೆಯಬೇಕು ಎಂದು ಕೈಪಿಡಿಯಲ್ಲಿ ಬರೆದಿಟ್ಟಿದ್ದೇನೆ.